ಗಾಡಿ ತುಂಬುವ ತನಕ ಮಾತು

ಮೊನ್ನೆ ಮಗಳ ಮನೆಗೆ ಹೋಗಲು ಬಾಡಿಗೆ ಕಾರು ಹಿಡಿದೆ. ಬೆಟಗೇರಿಯಿಂದ ಹುಬ್ಬಳ್ಳಿಗೆ. ಗಾಡಿ ಹೊಡೆಯುವ ಹುಡುಗ ಚೆಂದದವನು, ಕೈಯೂ ಚೊಕ್ಕ. ಆದರೆ ಬಾಯಿ? ಬೀಗ! ಮೊಬೈಲಿನೊಳಗಿನ ಹೆಣ್ಣುಮಗಳು ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನುತ್ತಿದ್ದಳು, ಇವನು ತಿರುಗಿಸುತ್ತಿದ್ದ. ಅಣ್ಣಿಗೇರಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಏನೋ ತಮ್ಮಾ, ಮೈಯಾಗ ಆರಾಮ ಇಲ್ಲೇನು?" ಎಂದು ಕೇಳಿದೆ.

"ಆರಾಮ ಅದೀನ್ರಿ ಕಾಕಾ. ಮಾತಾಡಿದ್ರ ಗಿರಾಕಿ ಸ್ಟಾರ್ ಕಡಿಮಿ ಕೊಡ್ತಾರ್ರಿ. ಅದಕ್ಕ ಸುಮ್ನ ಇರ್ತೀನಿ" ಎಂದ.

ಯಾ ಅಲ್ಲಾ! ಮಾತಾಡಿದರೆ ಸ್ಟಾರು ಕಡಿಮೆಯಂತೆ! ಮಾತಾಡಿಯೇ ಹೊಟ್ಟೆ ಹೊರೆದವರು, ಮಕ್ಕಳ ಮದುವೆ ಮಾಡಿದವರು ನಾವು. ಹುಬ್ಬಳ್ಳಿ ಮುಟ್ಟುವವರೆಗೆ ನಾನೊಬ್ಬನೇ ಮಾತಾಡಿದೆ, ಆ ಹುಡುಗ ನಕ್ಕು ನಕ್ಕು ಸುಸ್ತಾದ. ಇಳಿಯುವಾಗ "ಇದನ್ನೆಲ್ಲಾ ಬರದಿಡ್ರಿ ಕಾಕಾ" ಎಂದ. ಆಯಿತಪ್ಪಾ, ಬರೆಯುತ್ತೇನೆ. ನಾನು ದಾವಲಸಾಬ. ಗದಗ–ಮುಂಡರಗಿ ಲೈನಿನಲ್ಲಿ ಬಾಡಿಗೆ ಟ್ರ್ಯಾಕ್ಸ್ ಜೀಪು ಹೊಡೆದವನು. ನನಗೆ ಯಾವಾಗ ಸ್ವಂತ ಗಾಡಿ ಬಂತು, ಸ್ಟ್ಯಾಂಡಿನಲ್ಲಿ ನಾನು ಏನೇನಾದೆ ಎಂಬುದೆಲ್ಲ ಇಲ್ಲಿ ಬೇಡ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ಗದಗ ಹೊಸದಾಗಿ ಜಿಲ್ಲೆಯಾದ ಕಾಲ. ಅಬ್ಬಾ, ಏನು ಗದ್ದಲ, ಏನು ಹುರುಪು! ಅಲ್ಲಿಯವರೆಗೆ ಒಂದು ಸಹಿ ಬೇಕೆಂದರೂ ಧಾರವಾಡಕ್ಕೆ ಓಡುತ್ತಿದ್ದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮಂದಿ ಈಗ ಗದಗಿಗೇ ಬರತೊಡಗಿದರು. ಕೋರ್ಟಿನವರು, ಕಚೇರಿಯವರು, ದವಾಖಾನೆಯವರು, ಬರೀ ಜಿಲ್ಲೆ ಹೇಗಿದೆ ನೋಡೋಣ ಎಂದು ಬಂದವರು ಕೂಡ! "ನಮ್ದೂ ಜಿಲ್ಲಾ ಆತಲ್ರೀ" ಎಂದು ಬಾಯಿತುಂಬ ಹೇಳಿಕೊಳ್ಳುವುದೇ ಒಂದು ಹಬ್ಬ. ಬಸ್ಸುಗಳು ಸಾಲುತ್ತಿರಲಿಲ್ಲ. ನಮ್ಮ ಟ್ರ್ಯಾಕ್ಸುಗಳು ಸಾಲುಗಟ್ಟಿ ನಿಂತವು. ಡಂಬಳ, ಡೋಣಿ ಹಾಯ್ದು ಮುಂಡರಗಿಗೆ ಹೋಗುವ ಲೈನು ನಮ್ಮದು.

ಈಗ ಕೆಲಸದ ಗುಟ್ಟು ಕೇಳಿ. ಬಸ್ಸಿಗೆ ಟೈಮು ಇರುತ್ತದೆ, ನಮ್ಮ ಗಾಡಿಗೆ ಇರಲಿಲ್ಲ. ತುಂಬಿದಾಗ ಹೊರಡುವುದು. ಮೊದಲು ಹತ್ತಿ ಕುಳಿತವನು ಕಡೆಯವನು ಬರುವ ತನಕ ಕಾಯಬೇಕು. ಅಷ್ಟರಲ್ಲಿ ಎದುರಿಗೆ ಸರ್ಕಾರಿ ಬಸ್ಸು ಬಂದು ನಿಂತಿತೋ, ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಒಬ್ಬ ಇಳಿದನೆಂದರೆ ಮುಗಿಯಿತು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮಗು ಎತ್ತಿಕೊಂಡ ಹೆಂಗಸು. ಕಣ್ಣೆದುರೇ ಗಾಡಿ ಖಾಲಿ! ಹೀಗಾಗಿ ಡ್ರೈವರನ ಮೊದಲ ಕೆಲಸ ಸ್ಟೇರಿಂಗ್ ಹಿಡಿಯುವುದಲ್ಲ, ಕುಳಿತವರನ್ನು ಕುಳಿತಲ್ಲೇ ಹಿಡಿದಿಡುವುದು. ಅದಕ್ಕೆ ಬಾಯಿ ಬೇಕು.

ಆ ಬಾಯಿ ಇದ್ದವನೆಂದರೆ ಡೋಣಿಯ ಹುಚ್ಚೀರಪ್ಪ. ನನಗಿಂತ ವಯಸ್ಸಿನಲ್ಲಿ ಹಿರಿಯ, ಈ ಕೆಲಸದಲ್ಲಿ ನನ್ನ ಉಸ್ತಾದ. ಗಿಡ್ಡ ಆಳು, ಆದರೆ ದನಿ ಎಂದರೆ ದನಿ! ಅವನ ರೀತಿಯೇ ಬೇರೆ. ಗಾಡಿ ಅರ್ಧ ತುಂಬಿದಾಗ ಒಂದು ಸಂಗತಿ ಎತ್ತುತ್ತಿದ್ದ. ಹೇಳುತ್ತ ಹೇಳುತ್ತ ಜನ ಬಾಯಿ ತೆರೆದು ಮುಂದಕ್ಕೆ ಬಾಗಿದ ಹೊತ್ತಿಗೆ ಸರಿಯಾಗಿ "ತಡೀರಿ, ಟಾಯರ್ ನೋಡಿ ಬರ್ತೀನಿ" ಎಂದು ಇಳಿದುಬಿಡುತ್ತಿದ್ದ! ಟೈರಿಗೆ ಒಂದೊಂದು ಒದೆ ಕೊಡುತ್ತ ಗಾಡಿಯ ಸುತ್ತ ತಿರುಗುತ್ತಿದ್ದ. ಉಳಿದದ್ದನ್ನು ಗಾಡಿ ಹೊರಟ ಮೇಲೆಯೇ ಹೇಳುವುದು. ಹೀಗಿರುವಾಗ ಬಸ್ಸು ಬರಲಿ, ಬಸ್ಸಿನಪ್ಪ ಬರಲಿ, ಯಾರು ಇಳಿಯುತ್ತಾರೆ?

ಅವನ ಎಲ್ಲ ಸಂಗತಿಗಳಲ್ಲಿ ಮದುಮಗನದು ದೊಡ್ಡದು. ಅವನೇ ಕಂಡದ್ದು, ಅವನದೇ ಗಾಡಿಯಲ್ಲಿ ನಡೆದದ್ದು. ಹಮ್ಮಿಗಿಯಿಂದ ಬೆಳ್ಳಟ್ಟಿಗೆ ಮದುವೆಯ ದಿಬ್ಬಣ ಎರಡು ಗಾಡಿಗಳಲ್ಲಿ ಹೊರಟಿತ್ತು. ಬೆಳ್ಳಟ್ಟಿಯ ಅಗಸಿ ಬಾಗಿಲಲ್ಲಿ ಬಾಜಾ ಬಜಂತ್ರಿಯವರು ಸಜ್ಜಾಗಿ ನಿಂತಿದ್ದಾರೆ, ಆರತಿ ತಟ್ಟೆ ಹಿಡಿದ ಹೆಂಗಸರು ನಿಂತಿದ್ದಾರೆ. ಗಾಡಿಯ ಬಾಗಿಲು ತೆರೆದರೆ ಎಲ್ಲರೂ ಇದ್ದಾರೆ, ಮದುಮಗನೇ ಇಲ್ಲ! ಈ ಗಾಡಿಯವರು ಆ ಗಾಡಿಯಲ್ಲಿದ್ದಾನೆ ಎಂದುಕೊಂಡಿದ್ದರು, ಆ ಗಾಡಿಯವರು ಈ ಗಾಡಿಯಲ್ಲಿ ಎಂದು. "ಈಗ ಮದುಮಗ ಎಲ್ಲಿ? ತಡೀರಿ, ಟಾಯರ್ ನೋಡಿ ಬರ್ತೀನಿ!" ಅಲ್ಲಿಗೆ ನಿಲ್ಲಿಸುತ್ತಿದ್ದ. ಡಂಬಳ ಸಮೀಪಿಸಿದ ಮೇಲೆ ಉಳಿದದ್ದು. ಗಾಡಿ ತಿರುಗಿಸಿಕೊಂಡು ಮತ್ತೆ ಹಮ್ಮಿಗಿಗೆ ಓಡಿದರು, ಅಲ್ಲಿಯೂ ಇಲ್ಲ. ಮದುಮಗನ ತಾಯಿ ಎದೆ ಬಡಿದುಕೊಂಡು ಅಳುವಾಗ ಗಾಡಿಯ ನೆತ್ತಿಯ ಮೇಲಿನಿಂದ ಒಂದು ದನಿ ಬಂತು: "ಯವ್ವಾ, ಬೆಳ್ಳಟ್ಟಿ ಬಂತೇನು?" ಅಜ್ಜಿಗೆ ಕುಳಿತುಕೊಳ್ಳಲು ಜಾಗವಿಲ್ಲವೆಂದು ತನ್ನ ಜಾಗ ಬಿಟ್ಟುಕೊಟ್ಟು ಮೇಲಿನ ಕ್ಯಾರಿಯರ್ ಹತ್ತಿದ್ದ ಹುಡುಗ, ಥಂಡಿಗೆ ಹಾಸಿಗೆ ಸುರುಳಿಯೊಳಗೆ ಹೊಕ್ಕು ನಿದ್ದೆ ಹೋಗಿದ್ದ! ಪ್ರತಿ ಸಲ ಹೇಳಿ ಮುಗಿಸುವಾಗ ಹುಚ್ಚೀರಪ್ಪ "ಅಜ್ಜಿಗೆ ಜಾಗಾ ಬಿಟ್ಟ ಮಗಾ ಅಂವ, ನೂರು ವರ್ಷ ಬಾಳಲಿ" ಎನ್ನುತ್ತಿದ್ದ.

ನಾನು ಅವನನ್ನು ನೋಡಿ ಮಾತು ಕಲಿತೆ. ಕಲಿಯುವಾಗ ಮಾಡಿದ ಎಡವಟ್ಟು ಒಂದೆರಡಲ್ಲ. ಒಂದು ಸಲ ಒಂದೇ ಮನೆಯ ಮಂದಿ ಗಾಡಿ ತುಂಬಿದರು. ಆಹಾ, ಕಾಯುವ ಕೆಲಸವೇ ಇಲ್ಲವೆಂದು ಹಿಗ್ಗಿ, ಹೊರಟಾಗಿನಿಂದ ನಗೆಚಾಟಿಕೆ ಶುರು ಮಾಡಿದೆ. ಯಾರೂ ನಗಲಿಲ್ಲ. ನನ್ನ ಮಾತಿನ ಖಾರ ಸಾಲಲಿಲ್ಲವೆಂದು ಇನ್ನೂ ಜೋರು ಮಾಡಿದೆ. ಡೋಣಿ ಹತ್ತಿರ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು "ತಮ್ಮಾ, ಮಣ್ಣು ಕೊಡಾಕ ಹೊಂಟೇವಿ" ಎಂದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು! ಹುಚ್ಚೀರಪ್ಪನಿಗೆ ಹೇಳಿದಾಗ ಅವನು ಬೈಯಲಿಲ್ಲ. "ಮೊದಲ ಮಂದಿ ಮಾರಿ ನೋಡ್ಬೇಕಲೇ ದಾವಲ್ಯಾ, ಆಮ್ಯಾಲ ಬಾಯಿ ತಗೀಬೇಕು" ಎಂದ. ಹೊಸ ಡ್ರೈವರುಗಳೇ, ಈ ಒಂದು ಮಾತು ಬರೆದಿಟ್ಟುಕೊಳ್ಳಿ.

ಆಮೇಲೆ ನಮ್ಮ ಲೈನಿನ ಗಾಡಿಗಳಿಗೂ ಟೇಪ್ ರಿಕಾರ್ಡರ್ ಬಂತು. ಎಲ್ಲ ಗಾಡಿಗಳಲ್ಲೂ ಹಾಡು, ಕಿವಿ ಕಿತ್ತುಹೋಗುವಂತೆ. ನಮ್ಮ ಸ್ಟ್ಯಾಂಡಿನ ಹಿರಿಯ ರುದ್ರಪ್ಪಣ್ಣ, ಯಾವ ಗಾಡಿಯದು ಯಾವಾಗ ಪಾಳಿ ಎಂದು ಗೊತ್ತುಮಾಡುವವನು, ಅವನೇ ಹುಚ್ಚೀರಪ್ಪನಿಗೆ ಟೇಪ್ ಹಾಕಿಸಿಕೊಳ್ಳೆಂದು ಗಂಟುಬಿದ್ದ. "ಟೇಪಿಗೆ ಮಂದಿ ಮಾರಿ ಕಾಣತೈತೇನೋ ಯಣ್ಣಾ?" ಎಂದು ಕೇಳಿ ಹುಚ್ಚೀರಪ್ಪ ಅವನ ಬಾಯಿ ಮುಚ್ಚಿಸಿದ. ಹಾಕಿಸಿಕೊಳ್ಳಲೇ ಇಲ್ಲ.

ಇನ್ನು ಚಳಿಗಾಲದ ಮಾತು. ನಮ್ಮ ಕಡೆ ಏನು ಮಹಾ ಚಳಿ ಎಂದು ನೀವು ನಗಬಹುದು. ಧನುರ್ಮಾಸದ ಮುಂಜಾವಿನಲ್ಲಿ ಕಪ್ಪತಗುಡ್ಡದ ಕಡೆಯಿಂದ ಬೀಸುವ ಒಣಗಾಳಿಗೆ ಮುಖ ಒಡ್ಡಿ ನೋಡಿ, ಆಮೇಲೆ ನಗಿ! ತುಟಿ ಒಡೆಯುತ್ತದೆ, ಕೈ ಬಿರಿಯುತ್ತದೆ, ಡೀಸೆಲ್ ಗಾಡಿ ಕೆಮ್ಮಿ ಕೆಮ್ಮಿ ಶುರುವಾಗುತ್ತದೆ. ಆ ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ, ಪ್ರಯಾಣಿಕರು ಕಡಿಮೆ. ಬಂದವರೂ ತಲೆಗೆ ಟವೆಲ್ಲು, ಬಾಯಿಗೆ ಸೆರಗು ಸುತ್ತಿಕೊಂಡು ಮುದುರಿ ಕುಳಿತರೆ ಮುಖವೇ ಕಾಣುವುದಿಲ್ಲ. ಗಾಡಿ ತುಂಬಲು ದುಪ್ಪಟ್ಟು ಹೊತ್ತು. ಅದೇನೋ, ಮನಸ್ಸಿನೊಳಗೂ ಮೋಡ ಕವಿದ ಹಾಗೆ ಆಗುತ್ತಿತ್ತು ನಮಗೆಲ್ಲ. ಕಾರಣವಿಲ್ಲದೆ ಸಿಟ್ಟು, ಕಾರಣವಿಲ್ಲದೆ ಬೇಜಾರು.

ಅದಕ್ಕೆ ನಮ್ಮಲ್ಲೇ ಉಪಾಯಗಳಿದ್ದವು. ಪಾಳಿ ಕಾಯುವ ಗಾಡಿಗಳನ್ನು ಮೂಡಣಕ್ಕೆ ಮುಖ ಮಾಡಿ ನಿಲ್ಲಿಸುವುದು, ಎಳೆ ಬಿಸಿಲು ನೆಟ್ಟಗೆ ಎದೆಗೆ ಬೀಳುವ ಹಾಗೆ. ಯಾರೂ ಒಬ್ಬೊಬ್ಬರೇ ಚಹಾ ಕುಡಿಯಬಾರದು. ಮನೆಯಿಂದ ತಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಒಂದೇ ಕಡೆ ಬಿಚ್ಚುವುದು. ಚುರುಮುರಿ ಗಿರ್ಮಿಟ್ಟಿಗೆ ಕಣ್ಣಲ್ಲಿ ನೀರು ಬರುವಷ್ಟು ಮೆಣಸಿನಕಾಯಿ! ಇವತ್ತಿನ ಹುಡುಗರು ಗಾಜು ಏರಿಸಿಕೊಂಡು ಒಬ್ಬೊಬ್ಬರೇ ಮೊಬೈಲ್ ನೋಡುತ್ತ ಕೂರುವುದನ್ನು ಕಂಡರೆ ನನಗೆ ಗಾಜು ತಟ್ಟಿ ಕೂಗಬೇಕೆನಿಸುತ್ತದೆ. ಇಳಿಯಿರೋ, ಬಿಸಿಲಿಗೆ ಬನ್ನಿರೋ!

ಈ ಉಪಾಯಗಳಿಗೆಲ್ಲ ಬಗ್ಗದೆ ಒಂದು ವರ್ಷ ಆ ಮಂಕು ಹುಚ್ಚೀರಪ್ಪನ ಮೇಲೆ ಬಂದು ಕುಳಿತಿತು. ಪ್ರತಿ ಚಳಿಗಾಲದಲ್ಲೂ ಅವನು ಸ್ವಲ್ಪ ಸಪ್ಪಗಾಗುತ್ತಿದ್ದ, ಸಂಕ್ರಾಂತಿ ಹೊತ್ತಿಗೆ ಸರಿಹೋಗುತ್ತಿದ್ದ. ಆ ವರ್ಷ ದೀಪಾವಳಿ ಆದದ್ದೇ ಮಾತು ಕಡಿಮೆಯಾಯಿತು. ಆಮೇಲೆ ಸಂಗತಿ ಎತ್ತುವುದು ಬಿಟ್ಟ. ಬಸ್ಸು ಬಂತು, ಅವನ ಗಾಡಿಯಿಂದ ಒಬ್ಬ ಇಳಿದ, ಮತ್ತೊಬ್ಬ ಇಳಿದ, ಇವನು ಸುಮ್ಮನೆ ಕನ್ನಡಿಯಲ್ಲಿ ನೋಡುತ್ತ ಕುಳಿತ. ಖಾಲಿ ಗಾಡಿಯಲ್ಲಿ ಊರಿಗೆ ಹೋದವನು ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಒಂದು ದಿನ ಅವನ ಹೆಂಡತಿ ಗಂಗವ್ವ ವೈನಿ ಸ್ಟ್ಯಾಂಡಿಗೆ ಬಂದಳು. ಕಣ್ಣು ಕೆಂಪಗಾಗಿದ್ದವು.

"ರುದ್ರಪ್ಪಣ್ಣ, ಅವರು ಕಂಬಳಿ ಹೊಚಗೊಂಡು ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ಟಾರ್ರಿ. ಉಣ್ಣವಲ್ರು, ಮಾತಾಡವಲ್ರು. ಗಾಡಿ ಮಾರ್ತೀನಿ ಅಂತ ಲಕ್ಷ್ಮೇಶ್ವರದ ಗಿರಾಕಿಗೆ ಹೇಳಿ ಕಳಿಸ್ಯಾರ. ಸಂಕ್ರಾಂತಿ ಆದಮ್ಯಾಲ ಅಂವ ಬರ್ತಾನಂತ" ಎಂದಳು.

"ಗಾಡಿ ಮಾರಿ ಏನ್ ಮಾಡ್ತಾನಂತ?" ರುದ್ರಪ್ಪಣ್ಣ ಗಾಬರಿಯಾದ.

"ಅದನ್ನಽ ಕೇಳಿದೆ. 'ಮಂದಿ ನನ್ನ ಮಾತಿಗೆ ಬಂದು ಕುಂಡ್ರತಿದ್ರು, ನನ್ನ ಸಲುವಾಗಿ ಅಲ್ಲ. ಮಾತು ಬತ್ತಿದಮ್ಯಾಲ ನನ್ನ ಗಾಡ್ಯಾಗ ಯಾರ್ ಕುಂಡ್ರತಾರ?' ಅಂದ್ರು. ಅಷ್ಟಽ. ಮತ್ತ ಮಾರಿ ಹೊಳ್ಳಿಸಿದ್ರು."

ಗಾಡಿ ಹೋದರೆ ಹುಚ್ಚೀರಪ್ಪನೂ ಹೋದಂತೆಯೇ ಎಂದು ನಮಗೆಲ್ಲ ಗೊತ್ತಿತ್ತು. ಆ ಕಂಬಳಿಯೊಳಗಿಂದ ಅವನನ್ನು ಎಬ್ಬಿಸಿ ಹೊರಗೆ ಕರೆಯಲು ಆ ಗಾಡಿಯ ಹೊರತು ಬೇರೆ ಏನೂ ಇರಲಿಲ್ಲ.

ರುದ್ರಪ್ಪಣ್ಣ ಅವನನ್ನು ಗದಗಿನ ಡಾಕ್ಟರರ ಹತ್ತಿರ ಕರೆದೊಯ್ದ. ಒಳ್ಳೆಯ ಮನುಷ್ಯ ಆ ಡಾಕ್ಟರು, ಇದು ಸೋಮಾರಿತನವಲ್ಲ, ದೆವ್ವವಲ್ಲ, ಕಾಯಿಲೆ ಎಂದು ಬಿಡಿಸಿ ಹೇಳಿದರು. ಗುಳಿಗೆ ಕೊಟ್ಟರು. ಆ ಗುಳಿಗೆಯನ್ನು ಹುಚ್ಚೀರಪ್ಪ ಮುಂದೆಯೂ ಬಹಳ ವರ್ಷ ತೆಗೆದುಕೊಂಡ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ನಿಮಗೂ ಹೇಳುತ್ತೇನೆ. ನಿಧಾನಕ್ಕೆ ಗುಣವಾಗುತ್ತದೆ, ಬಿಸಿಲಿಗೆ ಕೂರಿಸಿ, ಒಬ್ಬನನ್ನೇ ಬಿಡಬೇಡಿ ಎಂದರು ಡಾಕ್ಟರು.

ಒಬ್ಬನನ್ನೇ ಬಿಡಬೇಡಿ! ನಮಗೆ ಅಷ್ಟು ಸಾಕಾಯಿತು. ಇಡೀ ಸ್ಟ್ಯಾಂಡು ಡೋಣಿಗೆ ಹೊರಟಿತು. ಹುಚ್ಚೀರಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರೆಲ್ಲ ಡ್ರೈವರುಗಳು, ಬಾಯಿಯೇ ಬಂಡವಾಳ ಆದವರು. ಒಬ್ಬ ಹೊಸ ಇಂಜಿನ್ನಿನ ಮಾತು ತೆಗೆದ, ಇನ್ನೊಬ್ಬ ಲಕ್ಷ್ಮೇಶ್ವರದ ರಸ್ತೆ ಕೆಟ್ಟದ್ದನ್ನು ಹೇಳಿದ, ಮತ್ತೊಬ್ಬ ನಗೆಚಾಟಿಕೆ ಹಾರಿಸಿದ. ನಾನು ಸುಮ್ಮನಿರುವವನೇ? ಶಿರಹಟ್ಟಿಯಲ್ಲಿ ನನ್ನ ಗಾಡಿ ಹಿಡಿದ ಪೊಲೀಸಿನವನ ನಡಿಗೆಯನ್ನು ಎದ್ದು ನಿಂತು ಮಾಡಿ ತೋರಿಸಿದೆ! ಎಲ್ಲರೂ ಒಟ್ಟಿಗೆ, ಒಬ್ಬರ ಮೇಲೊಬ್ಬರು. ಹುಚ್ಚೀರಪ್ಪ ನಿಧಾನಕ್ಕೆ ಕಂಬಳಿಯನ್ನು ಕಿವಿಯ ತನಕ ಎಳೆದುಕೊಂಡ. ಆಮೇಲೆ ತಲೆಯ ಮೇಲೆ ಎಳೆದುಕೊಂಡ. ನಾವು ದನಿ ಏರಿಸಿದೆವು.

ಗಂಗವ್ವ ವೈನಿ ನಮ್ಮನ್ನೆಲ್ಲ ಹೊರಗಿನ ಕಟ್ಟೆಗೆ ಕರೆದಳು. "ಒಬ್ಬರನ್ನಽ ಬಿಡಬ್ಯಾಡ ಅಂದಾರ ಡಾಕ್ಟರು, ಸಂತಿ ಕೂಡಸ್ರಿ ಅಂದಿಲ್ಲ! ಏಳ್ರಿನ್ನ, ಮನೀಗೆ ನಡೀರಿ!" ಎಂದು ಕೈ ಮುಗಿದಳು. ಬೆಕ್ಕಿನಂತೆ ಸದ್ದಿಲ್ಲದೆ ಒಬ್ಬೊಬ್ಬರೇ ಜಾರಿದೆವು. ನನ್ನನ್ನು ಮಾತ್ರ ನಿಲ್ಲಿಸಿ "ಅವರ ಗಾಡಿ ನಿಂತಲ್ಲೇ ನಿಲ್ಲಬಾರ್ದು ದಾವಲಣ್ಣ. ಗಿರಾಕಿ ಬರೋ ಮಟಾ ನೀವಽ ಹೊಡೀರಿ" ಎಂದು ಕೀಲಿ ಕೊಟ್ಟಳು.

ಉಸ್ತಾದನ ಗಾಡಿ! ನನ್ನ ಗಾಡಿಯನ್ನು ತಮ್ಮನಿಗೆ ಕೊಟ್ಟು ನಾನು ಅದನ್ನು ಹತ್ತಿದೆ. ಡೋಣಿಯಲ್ಲಿ ಅವನ ಮನೆಯ ಮುಂದೆ ಹೋಗುವಾಗಲೂ ಬರುವಾಗಲೂ ಹಾರ್ನ್ ಬಾರಿಸುತ್ತಿದ್ದೆ. ಬಾಗಿಲಲ್ಲಿ ವೈನಿ ನಿಂತು ಇನ್ನೂ ಎದ್ದಿಲ್ಲವೆಂದು ತಲೆಯಾಡಿಸುತ್ತಿದ್ದಳು. ಮಂದಿ ಹತ್ತಿದ ಕೂಡಲೇ "ಹುಚ್ಚೀರಣ್ಣ ಎಲ್ಲಿ?" ಎಂದು ಕೇಳುತ್ತಿದ್ದರು. ಆರಾಮಿಲ್ಲ ಎಂದರೆ ಮುಖ ಸಪ್ಪಗಾಗುತ್ತಿತ್ತು. ನಾನು ಅವನ ಸಂಗತಿಗಳನ್ನೇ ಒಂದೊಂದಾಗಿ ಹೇಳಿದೆ. ಎಲ್ಲಿ, ಆ ಸೊಗಸು ನನ್ನ ಬಾಯಲ್ಲಿ ಬರಲೊಲ್ಲದು!

ಸಂಕ್ರಾಂತಿಯ ಮರುದಿನ. ಸಂತೆ ಮುಗಿಸಿಕೊಂಡು ಹೋಗುವ ಹೆಂಗಸರು ಗಾಡಿಯಲ್ಲಿದ್ದರು. ನಾನು ಮದುಮಗನ ಸಂಗತಿ ಎತ್ತಿದೆ. ಎಲ್ಲರಿಗೂ ಬಾಯಿಪಾಠವಾದದ್ದು, ಯಾರೂ ನಗಲಿಲ್ಲ. ಡಂಬಳ ದಾಟಿತು. ನನಗೆ ತಲೆ ಕೆಟ್ಟಿತು. ಹೇಗಾದರೂ ಮಾಡಿ ನಗಿಸಲೇಬೇಕೆಂದು "ಮದುಮಗ ಎಲ್ಲಿದ್ದ ಗೊತ್ತೈತೇನ್ರಿ? ಮದುಮಗಳ ಮಾರಿ ನೆನಸಗೊಂಡು ಹೆದರಿ, ಗೋವಿನಜೋಳದ ಹೊಲದಾಗ ಓಡಿ ಅಡಗಿಕೊಂಡಿದ್ದ!" ಎಂದುಬಿಟ್ಟೆ. ಹೋ ಎಂದು ನಗು! ನಾನು ಹಿಗ್ಗಿ ಹೀರೇಕಾಯಿಯಾದೆ.

"ನಿಲ್ಲಸೋ ಗಾಡಿ!"

ನಡುವಿನ ಸೀಟಿನಲ್ಲಿ ಖಾಲಿ ಬುಟ್ಟಿ ಹಿಡಿದು ಕುಳಿತಿದ್ದ ನೀಲವ್ವ. ಡೋಣಿಯ ಸೊಸೆ, ಗದಗಿನ ಸಂತೆಗೆ ಬದನೆಕಾಯಿ ಒಯ್ದು ಮಾರುವವಳು, ಮೊದಲಿನಿಂದಲೂ ಹುಚ್ಚೀರಪ್ಪನ ಗಾಡಿಯನ್ನೇ ಹತ್ತುವವಳು. ಅವಳ ಮುಖ ಕೆಂಡವಾಗಿತ್ತು.

"ಯಾರ್ ಓಡಿಹೋದಾಂವ? ಅಂವ ನಮ್ಮಣ್ಣ! ಹಮ್ಮಿಗಿ ನನ್ನ ತವರುಮನಿ. ಹುಚ್ಚೀರಣ್ಣ ಹೇಳಿದಾಗೆಲ್ಲಾ ಸುಮ್ನ ಕುಂತು ಕೇಳ್ತಿದ್ದೆ, ನಮ್ಮಣ್ಣನ ಹೆಸರು ಹೇಳದನ ನಮ್ಮಣ್ಣನ ಮರ್ಯಾದಿ ಹೆಚ್ಚಿಗಿ ಮಾಡ್ತಿದ್ದ. ನೀ ಅದನ್ನ ಹಾದ್ಯಾಗ ಚೆಲ್ಲಿದೆಲ್ಲೋ!"

ಆ ಮದುಮಗ ಯಾರೆಂದು ನನಗೆ ಹೇಗೆ ಗೊತ್ತಿರಬೇಕು? ಡೋಣಿ ಬಂದದ್ದೇ ನೀಲವ್ವ ಇಳಿದವಳು ತನ್ನ ಮನೆಗೆ ಹೋಗಲಿಲ್ಲ, ನೆಟ್ಟಗೆ ಹುಚ್ಚೀರಪ್ಪನ ಮನೆಗೆ ನುಗ್ಗಿದಳು. ನಾನು ಗಾಡಿಯನ್ನು ಚಾಲೂ ಇಟ್ಟೇ "ಯಕ್ಕಾ, ಯಕ್ಕಾ" ಎನ್ನುತ್ತ ಹಿಂದೆ ಓಡಿದೆ. ಅವಳು ಕಂಬಳಿಯ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಕಂಬಳಿ ಅಲುಗಾಡಿತು. ಹುಚ್ಚೀರಪ್ಪ ಎದ್ದು ಕುಳಿತ! ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ನನ್ನನ್ನೇ ನೋಡಿದ.

"ಓಡಿಹೋದ ಅಂದೇನು?"

"ಯಣ್ಣಾ, ಅದು... ಮಂದಿ ನಗವಲ್ರಾಗಿದ್ರು..."

"ಖೋಡಿ! ಮಂದಿ ನಗಸಾಕ ಒಬ್ಬನ ಮರ್ಯಾದಿ ತಗೀತೀಯೇನ್ಲೇ? ಅಜ್ಜಿಗೆ ಜಾಗಾ ಬಿಟ್ಟ ಮಗಾ ಅಂವ! ಈ ಟ್ರಿಪ್ ಮುಗಿಸಿ ಗಾಡಿ ತಂದು ಇಲ್ಲಿ ಹಚ್ಚು. ನಾಳಿಗೆ ನಾನಽ ಹೊಡೀತೀನಿ!"

ಆ ಬೈಗುಳ ಕೇಳಿ ನನಗಾದ ಸಂತೋಷವನ್ನು ಹೇಗೆ ಬರೆಯಲಿ! ಬಾಗಿಲಲ್ಲಿ ವೈನಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಬೈಸಿಕೊಂಡು ಕುಣಿಯಬೇಕೆನಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆದರೆ ಹುಚ್ಚೀರಪ್ಪ ಮತ್ತೆ ಗೋಡೆಯತ್ತ ತಿರುಗಿದ. ದನಿ ಇಳಿದಿತ್ತು.

"ನಾಳೆ ಗಿರಾಕಿ ಬರ್ತಾನ. ಕಡೀ ಟ್ರಿಪ್ ನಾನಽ ಹೊಡದು ಅವನ ಕೈಗೆ ಕೊಡ್ತೀನಿ. ನಿನ್ನಂಥಾವರ ಕೈಯಾಗ ಅದರ ಹೆಸರು ಕೆಡೂದು ಬ್ಯಾಡ" ಎಂದ.

ಮರುದಿನ ಬೆಳಿಗ್ಗೆ ಅವನೇ ಗಾಡಿ ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ತಲೆಗೆ ಮಂಕಿ ಟೋಪಿ, ಕೈ ತೊಡೆಯ ಮೇಲೆ, ಮಾತಿಲ್ಲ. ಲಕ್ಷ್ಮೇಶ್ವರದ ಗಿರಾಕಿ ಬಂದಿದ್ದ. ಸಣ್ಣ ವಯಸ್ಸಿನ ಹುಷಾರಿ ಮನುಷ್ಯ. "ಗಾಡಿ ಚಲೋ ಐತಿ. ಲೈನ್ ಹೆಂಗೈತಿ, ಹೆಂಗ ತುಂಬತೈತಿ, ಅದನ್ನೂ ಒಂದ್ ಸಲ ನೋಡೇಬಿಡ್ತೀನ್ರಿ" ಎಂದು ಮುಂದಿನ ಸೀಟಿನಲ್ಲಿ ಹುಚ್ಚೀರಪ್ಪನ ಪಕ್ಕದಲ್ಲೇ ಕುಳಿತ.

ರುದ್ರಪ್ಪಣ್ಣ ಮುಂಡರಗಿ, ಮುಂಡರಗಿ ಎಂದು ಕೂಗಿದ. ಎಂದಿಗಿಂತ ಜೋರಾಗಿಯೇ ಕೂಗಿದ, ಪಾಪ. ಬಂದವರು ಸ್ಟೇರಿಂಗ್ ಹಿಂದಿನ ಮುಖ ನೋಡಿ "ಏ, ಹುಚ್ಚೀರಣ್ಣ ಬಂದಾನಲ್ಲಾ!" ಎಂದು ಹತ್ತಿದರು. ಅವನು ತಿರುಗಿ ನೋಡಲಿಲ್ಲ. ಹತ್ತಿದವರು ಕಾದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ನಿಂತ ನನಗೆ ಅದನ್ನು ತಾಳಲಾಗಲಿಲ್ಲ. ಕಿಟಕಿಯಲ್ಲಿ ತಲೆ ತೂರಿಸಿ "ನೋಡ್ರಿ, ಒಂದ್ ಸಲ ಏನಾತಂದ್ರ..." ಎಂದು ಶುರುಮಾಡಿದೆ.

"ದಾವಲಸಾಬ, ನೀ ಬಾಯಿ ಮುಚ್ಚು" ಎಂದಳು ಒಳಗಿದ್ದ ನೀಲವ್ವ. ಸಂತೆಯಿಲ್ಲದ ದಿನ ಅವಳು ಗದಗಿಗೆ ಏಕೆ ಬಂದಿದ್ದಳೋ, ಬುಟ್ಟಿಯೂ ಇರಲಿಲ್ಲ. "ನಿನ್ನಿ ಮಾತಾಡಿದ್ದು ಸಾಕು."

ಇನ್ನೂ ಒಂದು ಸೀಟು ಖಾಲಿ. ಆಗ ಬಂತು ನೋಡಿ ಬಸ್ಸು! ಎದುರಿಗೇ ನಿಂತಿತು. ಅದರಲ್ಲಿ ಎಷ್ಟು ಬೇಕಾದರೂ ಜಾಗ. ಕಂಡಕ್ಟರ್ ಬಾಗಿಲಲ್ಲಿ ಜೋತು "ಮುಂಡರಗಿ, ಮುಂಡರಗಿ! ಬರ್ರಿ, ಬಿಡಾಕತ್ತೇವಿ!" ಎಂದು ನಮ್ಮ ಗಾಡಿಯವರನ್ನೇ ನೋಡಿ ಕೂಗಿದ. ರುದ್ರಪ್ಪಣ್ಣನ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಹುಚ್ಚೀರಪ್ಪ ಕನ್ನಡಿಯತ್ತ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡ. ಹಿಂದಿನ ಸೀಟಿನಲ್ಲಿ ಒಬ್ಬ ಅಲುಗಿದ. ಅವನು ಶಾಲು ಸರಿಮಾಡಿಕೊಂಡು ಮತ್ತೆ ಕುಳಿತ. ಕಂಡಕ್ಟರ್ ಇನ್ನೊಮ್ಮೆ ಕೂಗಿದ, ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.

ಒಬ್ಬರೂ ಇಳಿದಿರಲಿಲ್ಲ! ಒಬ್ಬರೂ!

ಹುಚ್ಚೀರಪ್ಪ ಕಣ್ಣು ಬಿಟ್ಟು ಹಿಂದಕ್ಕೆ ತಿರುಗಿದ.

"ಯಾಕ ಇಳೀಲಿಲ್ರಿ? ನನ್ನ ಹಂತ್ಯಾಕ ಹೇಳಾಕ ಏನೂ ಇಲ್ರೆಪಾ."

"ಮಾತೇನು, ನಮಗೂ ಬರ್ತಾವ ಯಣ್ಣಾ" ಎಂದಳು ನೀಲವ್ವ. "ಹಾದಿತುಂಬ ನಾವಽ ಆಡ್ತೇವಿ, ನೀ ಕೇಳು. ಗಾಡಿ ಹೊಡಿಯಾಕ ನೀ ಬೇಕಲ್ಲ."

ಆಗ ಇಳಿದವನೆಂದರೆ ಒಬ್ಬನೇ, ಲಕ್ಷ್ಮೇಶ್ವರದ ಗಿರಾಕಿ. ಬಾಗಿಲು ಹಾಕಿ ರುದ್ರಪ್ಪಣ್ಣನ ಹತ್ತಿರ ಬಂದ. "ಈ ಗಾಡಿ ನಾ ಒಯ್ಯೂದಿಲ್ರಿ ಅಣ್ಣಾರ. ನಾ ಒಯ್ದ್ರ ಬರೇ ಗಾಡಿ ಬರ್ತೈತಿ, ಈ ಮಂದಿ ಬರೂದಿಲ್ಲ" ಎಂದವನು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋಗಿಯೇಬಿಟ್ಟ.

ರುದ್ರಪ್ಪಣ್ಣ ದಾರಿಯಲ್ಲಿ ಹೋಗುವವನೊಬ್ಬನನ್ನು ರಟ್ಟೆ ಹಿಡಿದು ಹಿಂದೆ ಹತ್ತಿಸಿದ, ನನ್ನನ್ನು ಗಿರಾಕಿಯ ಸೀಟಿಗೆ ದೂಡಿದ. "ತುಂಬಿತೋ ಹುಚ್ಚೀರ್ಯಾ, ಬಿಡು!" ಎಂದು ಗಾಡಿಯ ಬೆನ್ನಿಗೆ ಎರಡು ಬಾರಿಸಿದ. ಗಾಡಿ ಹೊರಟಿತು. ಹೊರಟದ್ದೇ ಹಿಂದೆ ಶುರುವಾಯಿತು ನೋಡಿ ಸಂತೆ! ನೀಲವ್ವ ಅತ್ತೆಯ ಮಾತು ತೆಗೆದಳು, ಶಾಲಿನವನು ಎಮ್ಮೆಯ ಮಾತು ತೆಗೆದ, ರುದ್ರಪ್ಪಣ್ಣ ಹತ್ತಿಸಿದವನು ತಾನು ಮುಂಡರಗಿಗೆ ಹೋಗಬೇಕಾದವನೇ ಅಲ್ಲವೆಂದು ಗೋಳಾಡಿದ. ಜನ ಬಿದ್ದುಬಿದ್ದು ನಕ್ಕರು. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ, ಕಣ್ಣು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ.

ಡಂಬಳ ದಾಟಿತು. ಕಪ್ಪತಗುಡ್ಡದ ಕಡೆಯಿಂದ ಗಾಳಿ ರಪ್ಪೆಂದು ನುಗ್ಗಿತು. ಹುಚ್ಚೀರಪ್ಪ ಕನ್ನಡಿಯಲ್ಲಿ ಹಿಂದಿನವರ ಮುಖಗಳನ್ನು ಒಂದೊಂದಾಗಿ ನೋಡಿದ.

"ಕಿಡಕಿ ಹಾಕ್ಕೋರ್ರೆವ್ವಾ, ಥಂಡಿ ಐತಿ" ಎಂದ.

ಇಡೀ ಗಾಡಿ ಮಾತು ನಿಲ್ಲಿಸಿ, ಒಟ್ಟಿಗೇ ಕಿಟಕಿ ಹಾಕಿಕೊಂಡಿತು.